ಬೊಗ್ಗುವಿಗೆ ಹುಚ್ಚು ಇತ್ತೇ?

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನನ್ನು ನಾಯಿ ಕಚ್ಚಿತು.

ಬೀದಿ ನಾಯಿಯಲ್ಲ. ಗೇಟು, ಬೆಲ್ಟು, ಬೆಳಗ್ಗೆ ಬಿಸ್ಕೆಟು, ಸಂಜೆ ವಾಕಿಂಗು ಎಲ್ಲ ಇರುವ ಮರ್ಯಾದಸ್ಥ ನಾಯಿ. ಪುತ್ತೂರಿನಲ್ಲಿ ನಮ್ಮ ಮನೆಯ ಸಾಲಿನಲ್ಲೇ ಇರುವ ಸುಲೋಚನಕ್ಕನ ಮನೆಯದ್ದು. ನಾನು ಎರಡು ಎಸಳು ಕರಿಬೇವು ಕೇಳಲು ಹೋಗಿದ್ದೆ. "ಬನ್ನಿ ಬನ್ನಿ, ಅದು ಎಂತ ಮಾಡುದಿಲ್ಲ" ಎಂದು ಸುಲೋಚನಕ್ಕ ಒಳಗಿನಿಂದಲೇ ಕೂಗಿದರು. (ನಾಯಿ ಸಾಕುವವರೆಲ್ಲ ಈ ವಾಕ್ಯವನ್ನು ಯಾವ ಶಾಲೆಯಲ್ಲಿ ಕಲಿಯುತ್ತಾರೆ?) ಅವರ ಮಾತು ಮುಗಿಯುವ ಮೊದಲೇ ಅದು ಮಾಡಿ ಮುಗಿಸಿತ್ತು. ಬಲಗಾಲಿನ ಮೀನಖಂಡದಲ್ಲಿ ಎರಡು ಹಲ್ಲಿನ ಗುರುತು, ಸಣ್ಣಗೆ ರಕ್ತ.

"ಅಯ್ಯೋ, ಇವತ್ತಿನವರೆಗೆ ಯಾರನ್ನೂ ಮುಟ್ಟಿದ್ದಿಲ್ಲ ಮಾರಾಯ್ರೆ" ಎಂದರು ಸುಲೋಚನಕ್ಕ.

ಹಾಗಾದರೆ ಉದ್ಘಾಟನೆ ನನ್ನಿಂದ ಆಯಿತು ಅಂತಾಯ್ತು.

ಮನೆಗೆ ಬಂದರೆ ಟಿವಿಯಲ್ಲಿ ಡಿಬೇಟು. ಜಗತ್ತಿನ ಯಾವುದೋ ಮೂಲೆಯ ಯುದ್ಧದ ಬಗ್ಗೆ ನಾಲ್ಕಾರು ಜನ ಒಟ್ಟಿಗೆ ಕಿರುಚುತ್ತಿದ್ದರು. ನನ್ನ ಗಂಡ ಸೋಫಾದಿಂದಲೇ ಅವರ ಜತೆ ಸೇರಿಕೊಂಡಿದ್ದರು. ನಾನೂ ಆ ವಾರ ಪತ್ರಿಕೆಗೆ ಬರೆಯಲು ಅಂಥದ್ದೇ ಒಂದು ದೊಡ್ಡ ವಿಷಯ ಹಿಡಿದು ಕೂತಿದ್ದೆ: ಬಲಿಷ್ಠ ದೇಶಗಳು ಜಗತ್ತಿನ ಆರೋಗ್ಯದ ಖರ್ಚಿನಿಂದ ಕೈ ತೆಗೆದರೆ ಬಡ ದೇಶಗಳ ಗತಿ ಏನು? ಅರ್ಧ ಬರೆದೂ ಆಗಿತ್ತು. ಆದರೆ ಸ್ವಂತ ಕಾಲು ಉರಿಯುವಾಗ ಜಗತ್ತಿನ ಆರೋಗ್ಯ ಯಾರಿಗೆ ಬೇಕು?

ನಳ್ಳಿಯ ಕೆಳಗೆ ಕಾಲು ಹಿಡಿದು ಸಾಬೂನು ಹಾಕಿ ತೊಳೆದೆ. ಅಷ್ಟರಲ್ಲಿ ಸುದ್ದಿ ಬೀದಿ ತುಂಬ ಹೋಗಿತ್ತು. ಒಬ್ಬರು ಅರಸಿನ ಹಚ್ಚಿ ಎಂದರು. ಇನ್ನೊಬ್ಬರು ಮೆಣಸಿನ ಪುಡಿ ಎಂದರು. ಮತ್ತೊಬ್ಬರು ಹೊಕ್ಕುಳಿನ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದು ಹೇಳಿ ನನ್ನ ಮುಖ ನೋಡಿದರು. ಯಾರ ಸಲಹೆಯನ್ನೂ ತೆಗೆದುಕೊಳ್ಳದೆ ನಾನು ಸರಕಾರಿ ಆಸ್ಪತ್ರೆಗೆ ಹೋದೆ.

ನೀವು ನಾಯಿ ಕಚ್ಚಿದವರ ಸಾಲಿನಲ್ಲಿ ಕೂತಿದ್ದೀರಾ? ಒಮ್ಮೆ ಕೂರಬೇಕು. (ಕಚ್ಚಿಸಿಕೊಳ್ಳದೆ ಕೂರುವುದು ಇನ್ನೂ ಒಳ್ಳೆಯದು.) ಅಡಿಕೆ ತೋಟದ ಯಜಮಾನರು, ಕಾಲೇಜಿನ ಹುಡುಗಿ, ಮೀನಿನ ಗಾಡಿ ಹೊರಗೆ ನಿಲ್ಲಿಸಿ ಬಂದ ಬ್ಯಾರಿ, ಎಲ್ಲರೂ ಸೀರೆ, ಪ್ಯಾಂಟು, ಲುಂಗಿ ಸ್ವಲ್ಪ ಮೇಲೆತ್ತಿಕೊಂಡು ಒಬ್ಬರ ಕಾಲು ಒಬ್ಬರು ನೋಡುತ್ತಿದ್ದರು. "ನಿಮ್ಮದು ಆಳ ಉಂಟಾ?" "ಇಲ್ಲ, ನನ್ನದು ಬರೇ ಉಗುರು." ಯಾರೂ ಯಾರ ಜಾತಿಯನ್ನೂ ಕೇಳಲಿಲ್ಲ. ನಾಯಿಯ ಜಾತಿ ಮಾತ್ರ ಕೇಳಿದರು.

ಒಂದು ಬೆಂಚಿನಲ್ಲಿ ಇಬ್ಬರು ಹೆಂಗಸರು ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತಿದ್ದರು. ನಡುವೆ ಜಾಗ ಖಾಲಿ. ಇಷ್ಟು ಜನ ನಿಂತಿರುವಾಗ ಖಾಲಿ ಜಾಗ ಯಾಕೆ ಬಿಟ್ಟರೋ ಎಂದುಕೊಂಡು ನಾನು ಹೋಗಿ ಕೂತೆ. ಕೂತ ಮೇಲೆ ಗೊತ್ತಾಯಿತು. ಅದು ಖಾಲಿ ಜಾಗವಲ್ಲ, ಗಡಿ.

ಎಡಗಡೆಯವರು ಐವತ್ತೈದು ದಾಟಿದವರು, ಕಾಲಿಗೆ ದಪ್ಪ ಬ್ಯಾಂಡೇಜು. ಬಲಗಡೆಯವರು ಸ್ವಲ್ಪ ಚಿಕ್ಕವರು, ಕೈಯಲ್ಲಿ ಎರಡು ಕೊಡೆ. ಎಡಗಡೆಯವರ ಹೆಸರು ಕರೆದಾಗ ಅವರು ಏಳಲಿಲ್ಲ. ಬಲಗಡೆಯವರು ಗೋಡೆ ನೋಡುತ್ತಲೇ ಹೇಳಿದರು: "ಹೇಳಿ ಅವರಿಗೆ, ಕರೆದದ್ದು ಅವರನ್ನೇ ಅಂತ."

ನಾನು ಎಡಕ್ಕೆ ತಿರುಗಿ ಹೇಳಿದೆ. "ನಿಮ್ಮನ್ನೇ ಕರೆದದ್ದಂತೆ."

"ಕೇಳಿದೆ" ಎಂದರು ಅವರು. ಎದ್ದು ಕುಂಟುತ್ತಾ ಒಳಗೆ ಹೋದರು.

ಸುಮ್ಮನಿರಲು ಆಗುತ್ತದೆಯೇ? ನಾನು ಬಲಗಡೆಯವರನ್ನು ಕೇಳಿದೆ. "ನಿಮಗೂ ಕಚ್ಚಿತಾ?"

"ನನಗೆ ಎಂತಕ್ಕೆ ಕಚ್ಚುದು? ನಾನು ಅನ್ನ ಹಾಕಿದವಳು."

"ಹಾಗಾದರೆ ನಾಯಿ ನಿಮ್ಮದಾ?"

"ಊರಿನದ್ದು. ಆದ್ರೆ ಅನ್ನ ಹಾಕ್ತೇನಲ್ಲ, ಹಾಗಾಗಿ ಕಚ್ಚಿದ ಮೇಲೆ ನನ್ನದಾಯ್ತು."

ಬೀದಿ ನಾಯಿ ಯಾರದ್ದು ಎಂದು ದೊಡ್ಡ ದೊಡ್ಡ ವಕೀಲರು ದೊಡ್ಡ ದೊಡ್ಡ ಕೋರ್ಟುಗಳಲ್ಲಿ ವಾದಿಸುತ್ತಿದ್ದಾರೆ. ಈ ಹೆಂಗಸು ಅಷ್ಟನ್ನೂ ಒಂದು ಉಸಿರಿನಲ್ಲಿ ಹೇಳಿದ್ದರು.

ಇವರ ಹೆಸರು ಗುಲಾಬಿ ಎಂದಿರಲಿ. ಒಳಗೆ ಹೋದವರು ಜಾನಕಿ. (ಹೆಸರು ಬದಲಾಯಿಸಿದ್ದೇನೆ. ಊರಿನ ಹೆಸರು ಹೇಳುವುದಿಲ್ಲ. ಉಪ್ಪಿನಂಗಡಿಯಿಂದ ಇಚಿಲಂಪಾಡಿ ಕಡೆಗೆ ಹೋಗುವಾಗ ಒಳಗೆ ಸಿಗುವ ಹಲವು ಊರುಗಳಲ್ಲಿ ಒಂದು ಎಂದರೆ ಸಾಕು.) ಆ ಊರಿನ ಹಾಲಿನ ಸೊಸೈಟಿಯ ಎದುರು ಗುಲಾಬಿಯವರ ಸಣ್ಣ ಹೋಟೆಲು. ಉಳಿದ ದೋಸೆ, ಗಂಜಿಯ ತಿಳಿ, ಮೀನಿನ ತಲೆ ಎಲ್ಲ ಹೊರಗಿನ ನಾಯಿಗಳಿಗೆ. ಅವುಗಳಲ್ಲಿ ಕಂದು ಬಣ್ಣದ್ದೊಂದು ಬೊಗ್ಗು. ಜಾನಕಿಯವರ ತವರು ಸುಳ್ಯದ ಕಡೆ, ಮನೆಯಲ್ಲಿ ಮಾತು ಅರೆಭಾಷೆ, ಆ ಕಡೆಯ ಗೌಡರ ಕನ್ನಡ. ಎರಡು ಹಸು, ಸ್ವಲ್ಪ ರಬ್ಬರು. ದಿನಾ ಬೆಳಗ್ಗೆ ಹಾಲಿನ ಕ್ಯಾನ್ ಹಿಡಿದು ಸೊಸೈಟಿಗೆ ಬರುವವರು. ಒಂದು ದಿನ ಬೊಗ್ಗು ಓಡಿ ಬಂದು ಅವರ ಕಾಲನ್ನು ಬಾಯಿಯಲ್ಲಿ ಹಿಡಿಯಿತು. ಬಿಡಿಸಲು ಇಬ್ಬರು ಬೇಕಾಯಿತು.

ಗಾಯ ಆಳವಾಗಿತ್ತು. ಅವತ್ತೇ ಪುತ್ತೂರಿಗೆ ಕರೆತಂದರು. ಗಾಯದ ಸುತ್ತ ಕೊಡುವ ಸೀರಮ್ಮೂ ಸಿಕ್ಕಿತು. ಬಳಿಕ ಮತ್ತೆ ಮತ್ತೆ ಬಂದು ಇಂಜೆಕ್ಷನ್ ತೆಗೆದುಕೊಳ್ಳಬೇಕು. ಆದರೆ ಜಾನಕಿ ಹೊರಡಲಿಲ್ಲವಂತೆ. ಗಾಯ ಒಣಗುತ್ತಾ ಉಂಟು, ಹಸು ಕರೆಯುವವರಿಲ್ಲ, ಎರಡೆರಡು ಬಸ್ಸು ಹತ್ತಬೇಕು ಎಂದರಂತೆ. ಆಗ ಗುಲಾಬಿ ಹೋಟೆಲಿನ ಬಾಗಿಲು ಹಾಕಿ, ರಿಕ್ಷಾ ಮಾಡಿಕೊಂಡು ಅವರ ಅಂಗಳಕ್ಕೆ ಹೋಗಿ ನಿಂತರು.

"ನಿಮ್ಮಿಬ್ಬರಿಗೂ ಮಾತಿಲ್ಲ ಅಂತ ಕಾಣ್ತದೆ. ಮತ್ತೆ ಯಾಕೆ ಕರೆದುಕೊಂಡು ಬರ್ತೀರಿ?" ಎಂದು ಕೇಳಿದೆ.

ಗುಲಾಬಿ ಕೊಡೆಗಳನ್ನು ಮಡಿಲಲ್ಲಿ ಸರಿ ಮಾಡಿಕೊಂಡರು. "ಅವರಿಗೆ ಎಂತಾದ್ರೂ ಆದ್ರೆ ಬೊಗ್ಗುವಿಗೆ ಹುಚ್ಚು ಹಿಡಿದಿತ್ತು ಅಂತ ಆಗ್ತದೆ ಮೇಡಂ. ಅದಕ್ಕೆ ಹುಚ್ಚು ಇರ್ಲಿಲ್ಲ. ನನಗೆ ಗೊತ್ತುಂಟು."

"ಈಗ ಹೇಗುಂಟು ನಾಯಿ?"

ಅವರು ಮತ್ತೆ ಗೋಡೆಯ ಕಡೆ ತಿರುಗಿದರು. ಅಷ್ಟರಲ್ಲಿ ನನ್ನ ಹೆಸರು ಕರೆದರು.

ಉತ್ತರ ನನಗೆ ಸಿಕ್ಕಿದ್ದು ಮುಂದಿನ ಸಲ ಹೋದಾಗ.

ಅವತ್ತು ಡ್ಯೂಟಿಯಲ್ಲಿ ಇದ್ದದ್ದು ಹುಬ್ಬಳ್ಳಿ ಕಡೆಯ ಎಳೆಯ ವಯಸ್ಸಿನ ಡಾಕ್ಟರಮ್ಮ. ಮೊದಲು ನನ್ನನ್ನು ಕೇಳಿದರು. "ಕಚ್ಚಿದ ನಾಯಿ ಈಗ ಹೆಂಗೈತ್ರಿ?"

"ಚೆನ್ನಾಗಿದೆ. ನಿನ್ನೆಯೂ ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು."

"ಚಲೋ ಆತು. ಕಚ್ಚಿದ ಮೇಲೆ ಹತ್ತು ದಿನ ನಾಯಿ ಆರಾಮ ಇದ್ರ, ಅದಕ್ಕ ಹುಚ್ಚಿರಲಿಲ್ಲ ಅಂತ ತಿಳೀಬಹುದು. ಕಣ್ಣಿಟ್ಟಿರ್ರಿ. ನಾಯಿ ಆರಾಮ ಐತಿ ಅಂತ ಇಂಜೆಕ್ಷನ್ ಮಾತ್ರ ಬಿಡಬ್ಯಾಡ್ರಿ." ಎರಡೂ ತೋಳಿಗೆ ಸೂಜಿ ಬಿತ್ತು. ಹೊಕ್ಕುಳು ಸುರಕ್ಷಿತ.

ನನ್ನ ಹಿಂದೆಯೇ ಜಾನಕಿ. ಅದೇ ಪ್ರಶ್ನೆ. ಜಾನಕಿ ಬಾಗಿಲ ಬಳಿ ನಿಂತಿದ್ದ ಗುಲಾಬಿಯನ್ನು ನೋಡಿದರು. ಗುಲಾಬಿ ಹೊರಗೆ ಹೋಗಿಬಿಟ್ಟರು.

"ಇಲ್ಲ ಡಾಕ್ಟ್ರೇ, ಅದು."

"ಓಡಿ ಹೋತೇನು?"

"ಕಲ್ಲು ಹೊಡೆದು ಕೊಂದ್ರು. ಕಚ್ಚಿದ ದಿನವೇ."

"ಎಲ್ಲಿ ಹುಗಿದ್ರಿ? ಪರೀಕ್ಷಾಕ್ಕ ಕಳಿಸಬಹುದಿತ್ತು."

"ಹೊಳೆಗೆ ಹಾಕಿದ್ರಂತೆ."

ಡಾಕ್ಟರಮ್ಮ ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ಹೆದರಬ್ಯಾಡ್ರಿ ಅಮ್ಮ. ಟೈಮಿಗೆ ಸರಿಯಾಗಿ ಬಂದ್ರ ಏನೂ ಆಗೂದಿಲ್ಲ. ನಾಯಿ ಇದ್ದಿದ್ರ ನಿಮ್ಮ ಮನಸ್ಸಿಗೆ ಲಗೂನ ಸಮಾಧಾನ ಆಗ್ತಿತ್ತು, ಅಷ್ಟ" ಎಂದರು.

ಹೊರಗೆ ಬಂದರೆ ಗುಲಾಬಿ ಇರಲಿಲ್ಲ. ಹೋಟೆಲಿಗೆ ಸಾಮಾನು ತರಲು ಪೇಟೆಗೆ ಹೋಗಿದ್ದರು. ಆಸ್ಪತ್ರೆಯ ಎದುರಿನ ಕ್ಯಾಂಟೀನಿಗೆ ಜಾನಕಿಯವರನ್ನು ನಾನೇ ಕರೆದುಕೊಂಡು ಹೋದೆ. ಚಾ ಬಂತು. ಪಕ್ಕದಲ್ಲಿ ನೀರಿನ ಗ್ಲಾಸು ಇಟ್ಟರು. ಜಾನಕಿ ಚಾ ಮುಟ್ಟಲಿಲ್ಲ. ಮೊದಲು ನೀರು ಎತ್ತಿಕೊಂಡು, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಕುಡಿದು ಗ್ಲಾಸು ಕೆಳಗಿಟ್ಟು ನನ್ನತ್ತ ನೋಡಿದರು.

"ಕುಡಿದೆ ಅಲ್ವಾ?" ಎಂದರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಹುಚ್ಚು ನಾಯಿಯ ರೋಗ ಬಂದವರು ನೀರಿಗೆ ಹೆದರುತ್ತಾರೆ. ಇವರು ದಿನಾ ಎದ್ದ ಕೂಡಲೇ, ಹಸುವಿನ ಕೊಟ್ಟಿಗೆಗೆ ಹೋಗುವ ಮೊದಲು, ಒಂದು ಚೊಂಬು ನೀರು ಕುಡಿದು ನೋಡುತ್ತಾರಂತೆ. ಇಳಿದರೆ ಆ ದಿನ ಬದುಕಿದೆ ಅಂತ ಲೆಕ್ಕ. ಗಂಡನಿಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ.

"ಇಂಜೆಕ್ಷನ್ ಆಗ್ತಾ ಉಂಟಲ್ಲ, ಇನ್ನು ಹೆದರಿಕೆ ಎಂತಕ್ಕೆ?" ಎಂದೆ. ಹೇಳುವುದು ಎಷ್ಟು ಸುಲಭ!

"ಅದು ತಲೆಗೆ ಗೊತ್ತುಂಟು ಅಕ್ಕ. ಗಂಟಲಿಗೆ ಗೊತ್ತಿಲ್ಲ."

ಚಾ ಹತ್ತಿರ ಎಳೆದುಕೊಂಡು ಅವರೇ ಹೇಳಿದರು. "ಕೊಲ್ಲಿ ಅಂತ ನಾನು ಹೇಳಿದ್ದಲ್ಲ. ಬೇಡ ಅಂತಲೂ ಹೇಳ್ಲಿಲ್ಲ. ರಿಕ್ಷಾದಲ್ಲಿ ಕೂತಿದ್ದೆ, ಕಾಲು ಸುತ್ತಿದ್ರು. ಭಾವ ಬಂದು, ನೀನು ಹೋಗು, ಇದನ್ನು ನಾವು ನೋಡಿಕೊಳ್ತೇವೆ ಅಂದ್ರು. ಎಂತ ನೋಡಿಕೊಳ್ಳುದು ಅಂತ ನನಗೆ ಗೊತ್ತಾಯ್ತು. ನಾನು ಸುಮ್ಮನಾದೆ. ಅದಕ್ಕೇ ಗುಲಾಬಿ ನನ್ನ ಹತ್ತಿರ ಮಾತಾಡುದಿಲ್ಲ."

ಭಾವ ಎಂದರೆ ಗಂಡನ ಅಣ್ಣ, ಪದ್ಮಯ್ಯ ಗೌಡರು. ಊರಿನಲ್ಲಿ ಮಾತು ನಡೆಯುವ ಮನುಷ್ಯ. ಬೊಗ್ಗುವನ್ನು ಮುಗಿಸಿ ಅವರು ಸುಮ್ಮನಾಗಿರಲಿಲ್ಲ. ಊರಿನ ನಾಯಿಗಳೆಲ್ಲ ಹೋಗಬೇಕು, ಅನ್ನ ಹಾಕಿ ಸಾಕುವ ಹೋಟೆಲು ಮುಚ್ಚಬೇಕು ಎಂದು ಗ್ರಾಮಸಭೆಗೆ ವಿಷಯ ತಂದಿದ್ದರು. ಪೇಟೆಯಿಂದ ವಾಪಸು ಬಂದ ಗುಲಾಬಿ, ನಾನು ಪತ್ರಿಕೆಗೆ ಬರೆಯುವವಳು ಎಂದು ಗೊತ್ತಾದ ಕೂಡಲೇ ಹೇಳಿದರು: "ನೀವು ಬನ್ನಿ ಮೇಡಂ. ನನ್ನ ಪರ ಮಾತಾಡುದು ಬೇಡ. ಬರೇ ಕೂತುಕೊಳ್ಳಿ. ಹೊರಗಿನವರು ಒಬ್ಬರು ಕೂತಿದ್ರೆ ಜನ ಸ್ವಲ್ಪ ಮೆಲ್ಲ ಮಾತಾಡ್ತಾರೆ."

ಹೋದೆ.

ಗ್ರಾಮಸಭೆ ಎಂದರೆ ನಿಮಗೆ ಗೊತ್ತಲ್ಲ. ಸಾಮಾನ್ಯವಾಗಿ ಕುರ್ಚಿಗಳ ಸಭೆ. ರಸ್ತೆ, ಬೀದಿ ದೀಪ, ಕುಡಿಯುವ ನೀರು ಎಂದು ಓದಿ ಮುಗಿಸುತ್ತಾರೆ. ಆದರೆ ಅವತ್ತು ಶಾಲೆಯ ಹಾಲ್ ತುಂಬಿ, ಕಿಟಕಿಯ ಹೊರಗೂ ಜನ. ನಾಯಿಯ ಹೆಸರಿನಲ್ಲಾದರೂ ಪ್ರಜಾಪ್ರಭುತ್ವಕ್ಕೆ ಜನ ಸೇರಿದರಲ್ಲ! ಅಧ್ಯಕ್ಷರು ನಡುವಯಸ್ಸಿನ ಹೆಂಗಸು, ಸ್ವಲ್ಪ ಗಾಬರಿಯಾಗಿದ್ದರು. ಪಕ್ಕದಲ್ಲಿ ಪಿಡಿಒ, ಅವರಾಚೆ ಪಶುವೈದ್ಯರು. ಮುಂದಿನ ಸಾಲಿನಲ್ಲಿ ಜಾನಕಿ. ಹಿಂದೆ ಬಾಗಿಲ ಪಕ್ಕ ಒಬ್ಬರೇ ಗುಲಾಬಿ. ಅವರ ಅಕ್ಕಪಕ್ಕದ ಎರಡೂ ಕುರ್ಚಿ ಖಾಲಿ. ನಾನು ಒಂದರಲ್ಲಿ ಕೂತೆ.

ಮೊದಲು ಕಾನೂನು ಬಂತು.

"ಎಲ್ಲ ನಾಯಿಗಳನ್ನು ಎತ್ತಿಕೊಂಡು ಹೋಗ್ಬೇಕು ಅಂತ ಸುಪ್ರೀಂ ಕೋರ್ಟು ಹೇಳಿದೆ" ಎಂದು ಒಬ್ಬರು ಮೊಬೈಲು ಎತ್ತಿ ತೋರಿಸಿದರು.

"ಅದು ಬದಲಾಯ್ತು. ಇಂಜೆಕ್ಷನ್ ಕೊಟ್ಟು ಹಿಡಿದಲ್ಲೇ ಬಿಡ್ಬೇಕು" ಎಂದರು ಇನ್ನೊಬ್ಬರು, ಅವರೂ ಮೊಬೈಲು ಎತ್ತಿ.

"ಅದೂ ಬದಲಾಯ್ತು ಮಾರಾಯ್ರೆ. ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್ ಇದ್ದಲ್ಲಿ ಬಿಡ್ಲಿಕ್ಕಿಲ್ಲ."

"ಹಾಲಿನ ಸೊಸೈಟಿ ಯಾವುದರಲ್ಲಿ ಬರ್ತದೆ?"

ಎಲ್ಲರೂ ಪಿಡಿಒ ಕಡೆ ನೋಡಿದರು. "ಮೇಲಿನವರನ್ನು ಕೇಳಿ ಹೇಳ್ತೇನೆ" ಎಂದರು ಅವರು. ಸಭೆಯಲ್ಲಿ ಎಷ್ಟು ಮೊಬೈಲು ಇತ್ತೋ ಅಷ್ಟು ಸುಪ್ರೀಂ ಕೋರ್ಟು ಇತ್ತು.

ಪಶುವೈದ್ಯರು ಎದ್ದು, ಕೊಲ್ಲುವುದು ಕಾನೂನಿನಲ್ಲಿ ತಪ್ಪು, ಲಸಿಕೆ ಹಾಕುವುದೇ ದಾರಿ ಎಂದರು. "ನಿಮ್ಮ ಹೆಂಡತಿಗೆ ಕಚ್ಚಿದ್ರೆ ಗೊತ್ತಾಗ್ತಿತ್ತು" ಎಂದು ಕಿಟಕಿಯ ಹೊರಗಿನಿಂದ ಒಂದು ಧ್ವನಿ. ನಗು. ಪೇಟೆಯ ಪ್ರಾಣಿಪ್ರಿಯರಿಗೆ ಎರಡು ಬೈಗುಳ. ಟಿವಿ ಡಿಬೇಟಿಗೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ: ಇಲ್ಲಿ ಜಾಹೀರಾತಿಗೆ ಬ್ರೇಕ್ ಇರಲಿಲ್ಲ.

ಆಮೇಲೆ ಪದ್ಮಯ್ಯ ಗೌಡರು ಎದ್ದರು. ಬಿಳಿ ಅಂಗಿ, ಕೈಯಲ್ಲಿ ಮಡಚಿದ ಬೈರಾಸು (ನಮ್ಮ ಕಡೆಯ ಟವೆಲು). ಜಗಳಗಂಟ ಮನುಷ್ಯನನ್ನು ಕಲ್ಪಿಸಿಕೊಂಡಿದ್ದೆ. ಮಾತು ಮೆತ್ತಗಿತ್ತು.

"ನಮ್ಮ ಜಾನಕಿಗೆ ಕಚ್ಚಿದೆ. ನಾಳೆ ಶಾಲೆಯ ಮಕ್ಕಳಿಗೆ ಕಚ್ತದೆ. ಅನ್ನ ಹಾಕುವವರು ಇರುವ ತನಕ ನಾಯಿ ಇರ್ತದೆ. ಹೋಟೆಲು ಮುಚ್ಬೇಕು. ನಾಯಿಗಳು ಹೋಗ್ಬೇಕು. ಹೇಗೆ ಅಂತ ಯಾರೂ ಕೇಳುದು ಬೇಡ. ಇದಕ್ಕೆ ಕೈ ಎತ್ತಿ."

ಕೈಗಳು ಏಳತೊಡಗಿದವು. ಗುಲಾಬಿ ನನ್ನ ಪಕ್ಕದಲ್ಲಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದರು. ತಲೆ ಎತ್ತಲಿಲ್ಲ.

ಅಧ್ಯಕ್ಷರಿಗೆ ಏನನ್ನಿಸಿತೋ. "ಒಂದು ನಿಮಿಷ. ಕಚ್ಚಿಸಿಕೊಂಡವರು ಎಂತ ಹೇಳ್ತಾರೆ?" ಎಂದರು.

ಇಡೀ ಸಭೆ ಜಾನಕಿಯತ್ತ ತಿರುಗಿತು. ಅವರು ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಮೈಕು ಕೊಟ್ಟರು, ಬೇಡ ಎಂದರು.

"ನನಗೆ ನಾಯಿ ಬೇಡ" ಎಂದರು. ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದರು. "ನನಗೆ ಹೆದರಿಕೆ ಉಂಟು. ಈಗಲೂ ಸೊಸೈಟಿಗೆ ಹೋಗುವಾಗ ಒಂದು ಕೈಯಲ್ಲಿ ಕ್ಯಾನು, ಒಂದು ಕೈಯಲ್ಲಿ ಕೋಲು. ಗುಲಾಬಿ ಸೊಸೈಟಿಯ ಬಾಗಿಲಲ್ಲಿ ಅನ್ನ ಹಾಕುದು ತಪ್ಪು. ಅದನ್ನು ನಾನು ಮೊದಲೇ ಹೇಳಿದ್ದೆ, ಅವಳು ಕೇಳ್ಲಿಲ್ಲ."

ಗುಲಾಬಿಯ ಬೆರಳು ನಿಂತಿತು.

"ಆದ್ರೆ ಭಾವ, ಆ ನಾಯಿಯನ್ನು ಯಾರಿಗಾಗಿ ಕೊಂದದ್ದು? ನನಗಾಗಿ ಅಲ್ವಾ? ನನ್ನನ್ನು ಕೇಳಿದ್ರಾ? ಕಟ್ಟಿ ಹಾಕಿ ಹತ್ತು ದಿನ ನೋಡಿದ್ರೆ ನನಗೆ ಗೊತ್ತಾಗ್ತಿತ್ತು, ಅದಕ್ಕೆ ಹುಚ್ಚು ಉಂಟಾ ಇಲ್ವಾ ಅಂತ. ಈಗ ದಿನಾ ಬೆಳಗ್ಗೆ ನಾನು ನೀರು ಕುಡಿದು ನೋಡುದು. ನಿಮಗೆ ಯಾರಿಗೂ ಗೊತ್ತಿಲ್ಲ. ಕುಡಿದು ನೋಡುದು, ಇಳೀತದಾ ಅಂತ. ಇವಳ ಹೋಟೆಲು ಮುಚ್ಚಿಸ್ತೀರಿ. ಇಂಜೆಕ್ಷನಿಗೆ ನನ್ನನ್ನು ಕರೆದುಕೊಂಡು ಹೋದವಳು ಇವಳು. ನೀವು ಯಾರು ಬಂದ್ರಿ?"

ಮಾತು ಮುಗಿಯುವಾಗ ಅವರು ಪೂರ್ತಿ ಅರೆಭಾಷೆಗೆ ಹೊರಳಿದ್ದರು. ಆ ಭಾಷೆ ಬಾರದವರಿಗೂ ಅರ್ಥವಾಯಿತು.

ಪದ್ಮಯ್ಯ ಗೌಡರು ನಿಂತೇ ಇದ್ದರು. ಕೋಪ ಬರುತ್ತದೆ ಎಂದು ಎಲ್ಲರೂ ಕಾದರು. ಅವರು ಬೈರಾಸಿನಿಂದ ಮುಖ ಒರೆಸಿಕೊಂಡರು.

"ನೀವು ಯಾರೂ ನೋಡಿದವರಲ್ಲ" ಎಂದರು. "ನಾನು ನೋಡಿದ್ದೇನೆ."

ಅವರು ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುವುದಿಲ್ಲ. ಚಿಕ್ಕವರಿದ್ದಾಗ ಅವರಿಗೊಬ್ಬಳು ಅಕ್ಕ ಇದ್ದಳು. ಮನೆಯ ನಾಯಿಮರಿ ಆಟವಾಡುತ್ತಾ ಅವಳ ಕೈಗೆ ಹಲ್ಲು ತಾಗಿಸಿತ್ತು. ಮರಿಯಲ್ಲವೇ ಎಂದು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಮರೆತ ಮೇಲೆ ಒಂದು ದಿನ ಅವಳು ನೀರಿನ ಚೊಂಬು ಕೆಳಗೆ ಹಾಕಿದಳು. ಬಾವಿಯಲ್ಲಿ ಕೊಡಪಾನದ ಸದ್ದು ಕೇಳಿದರೆ ಸಾಕು, ಮೈ ಸೆಟೆದುಕೊಳ್ಳುತ್ತಿತ್ತು. ಕೊನೆಗೆ ಅಪ್ಪ ಅವಳನ್ನು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿ, ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಒಳಗಿನಿಂದ ಅವಳು ತಮ್ಮನ ಹೆಸರು ಹಿಡಿದು ಕರೆಯುತ್ತಿದ್ದಳು.

"ನನ್ನನ್ನು ಹತ್ತಿರ ಬಿಡ್ಲಿಲ್ಲ" ಎಂದರು ಗೌಡರು. "ಆ ದಿನ ಸೊಸೈಟಿ ಎದುರು ಜಾನಕಿಯ ರಕ್ತ ನೋಡಿದ ಕೂಡಲೇ ನನಗೆ ಅಕ್ಕ ಕರೆದದ್ದು ಕೇಳಿತು. ಹತ್ತು ದಿನ ಕಾಯುವ ಬುದ್ಧಿ ಎಲ್ಲಿಂದ ಬರ್ಬೇಕು?"

ಎತ್ತಿದ್ದ ಕೈಗಳು ಯಾವಾಗಲೋ ಇಳಿದಿದ್ದವು. ಮೊಬೈಲುಗಳೂ ಜೇಬಿಗೆ ಹೋಗಿದ್ದವು.

ಆಗ ಗುಲಾಬಿ ಎದ್ದರು. ನಾನು ತಡೆಯಲೇ ಎಂದು ಯೋಚಿಸಿದೆ, ಈಗ ಏನಾದರೂ ಚುಚ್ಚಿ ಮಾತಾಡಿಬಿಟ್ಟರೆ ಎಂದು.

"ಇದನ್ನು ಮೊದಲೇ ಹೇಳಬಾರದಿತ್ತಾ ಗೌಡ್ರೆ" ಎಂದರು. "ಬೊಗ್ಗುವನ್ನು ಕೊಂದದ್ದನ್ನು ನಾನು ಮರೆಯುದಿಲ್ಲ. ಆದ್ರೆ ಸೊಸೈಟಿ ಬಾಗಿಲಲ್ಲಿ ಇನ್ನು ಅನ್ನ ಹಾಕುದಿಲ್ಲ. ಹಿಂದೆ ಗುಡ್ಡದ ಬದಿಗೆ ಹಾಕ್ತೇನೆ. ಲಸಿಕೆಯವರು ಬಂದ್ರೆ ನಾಯಿಗಳನ್ನು ನಾನೇ ಕರೀತೇನೆ. ನಾನು ಕರೆದ್ರೆ ಮಾತ್ರ ಬರ್ತವೆ."

ನಿರ್ಣಯ ಆಯಿತು. ಮೊದಲು ಎಲ್ಲ ನಾಯಿಗಳಿಗೂ ಲಸಿಕೆ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಲು ತಾಲೂಕಿಗೆ ಬರೆಯುವುದು. ಅನ್ನ ಹಾಕುವುದು ಒಂದೇ ಜಾಗದಲ್ಲಿ. ಹೋಟೆಲು ಇರಲಿ. ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. ಕೆಲವರು ಗೊಣಗುತ್ತಾ ಎದ್ದು ಹೋದರು. ಒಬ್ಬರು ನನ್ನ ಎದುರು ನಿಂತು, "ಇದನ್ನೆಲ್ಲ ಪೇಪರಿನಲ್ಲಿ ಚಂದ ಮಾಡಿ ಬರೀಬೇಡಿ, ನಾಳೆ ಮಕ್ಕಳನ್ನು ಶಾಲೆಗೆ ಬಿಡುವವರು ನಾವು" ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಹೆದರಿಕೆಗೆ ಬುದ್ಧಿವಾದ ಹೇಳಿ ಪ್ರಯೋಜನವೇನು? ಮಗುವಿನ ಕೈ ಹಿಡಿದು ಆ ದಾರಿಯಲ್ಲಿ ನಡೆಯುವುದು ನಾನಲ್ಲವಲ್ಲ.

ಆದರೆ ನನಗೆ ಒಂದು ವಿಷಯ ಬೆರಗು ಹುಟ್ಟಿಸಿತು. ತುಂಬಿದ ಸಭೆಯಲ್ಲಿ ಮೂವರು ಮನುಷ್ಯರು ತಾವು ಬರುವಾಗ ತಂದ ಮಾತನ್ನು ಬಿಟ್ಟು ಬೇರೆ ಮಾತು ಆಡಿ ಹೋದರು. ಇಷ್ಟು ವರ್ಷ ಟಿವಿ ನೋಡಿದ್ದೀರಿ, ಒಬ್ಬರಾದರೂ "ಇದು ನನಗೆ ಗೊತ್ತಿರಲಿಲ್ಲ" ಎಂದದ್ದು ಕೇಳಿದ್ದೀರಾ? ದೇಶ ದೇಶಗಳ ನಾಯಕರು ಉದ್ದದ ಮೇಜಿನ ಸುತ್ತ ಕೂತು ಮಾತಾಡುತ್ತಾರೆ, ಒಬ್ಬರಾದರೂ "ನನಗೆ ಹೆದರಿಕೆ, ಅದಕ್ಕೇ ಹೊಡೆದೆ" ಎಂದು ಹೇಳಿದ್ದುಂಟೇ?

ಲಸಿಕೆಯ ದಿನ ನಾನು ಹೋಗಲಿಲ್ಲ. ಗುಲಾಬಿ ಫೋನಿನಲ್ಲಿ ವರದಿ ಕೊಟ್ಟರು. ಬಲೆ ಹಿಡಿದವರನ್ನು ನೋಡಿ ನಾಯಿಗಳು ರಬ್ಬರು ತೋಟಕ್ಕೆ ಓಡಿದವು. ಗುಲಾಬಿ ಗಂಜಿಯ ಪಾತ್ರೆ ಬಡಿದ ಮೇಲೆ ಒಂದೊಂದೇ ಬಂದವು. ಹಿಡಿದುಕೊಳ್ಳಲು ಜನ ಸಾಲಲಿಲ್ಲ. ಪದ್ಮಯ್ಯ ಗೌಡರು ದೂರದಲ್ಲಿ ನಿಂತಿದ್ದವರು ಹತ್ತಿರ ಬಂದರಂತೆ.

"ಅವರು ನಾಯಿಯ ಮುಖ ನೋಡ್ಲಿಲ್ಲ ಮೇಡಂ. ಆದ್ರೂ ಹಿಡಿದ್ರು. ಬೇಡ ಗೌಡ್ರೆ, ಬಿಡಿ ಅಂದೆ. ಮಾತಾಡ್ಬೇಡ, ಹಿಡಿದುಕೊಳ್ಳುವಾಗ ಮಾತಾಡಿದ್ರೆ ನನಗೆ ಇನ್ನೂ ಹೆದರಿಕೆ ಆಗ್ತದೆ ಅಂದ್ರು."

"ಜಾನಕಿಯವರು?"

"ಸೊಸೈಟಿಯ ಜಗಲಿಯಲ್ಲಿ ಕೋಲು ಹಿಡಿದು ನಿಂತಿದ್ರು. ಕೆಳಗೆ ಇಳೀಲಿಲ್ಲ. ಇಳಿಯುದು ಬೇಡ, ಅವರ ಕಾಲು ಅಲ್ವಾ."

ಒಂದು ನಾಯಿ ಮಾತ್ರ ಸಿಗಲಿಲ್ಲವಂತೆ. ಅದನ್ನು ಹಿಡಿಯಲು ಪಶುವೈದ್ಯರು ಮತ್ತೆ ಬರುತ್ತೇನೆ ಎಂದಿದ್ದಾರೆ.

ಜಾನಕಿಯವರದ್ದು ಮೊದಲು ತಡವಾಗಿದ್ದರಿಂದ ಕೊನೆಯ ಇಂಜೆಕ್ಷನಿಗೆ ನಾವು ಮೂವರೂ ಒಂದೇ ದಿನ ಸೇರಿದೆವು. (ಸುಲೋಚನಕ್ಕನ ನಾಯಿ ಗುಂಡುಗುಂಡಾಗಿ ಓಡಾಡಿಕೊಂಡಿತ್ತು. ಆದರೂ ಡಾಕ್ಟರಮ್ಮ ಹೇಳಿದಂತೆ ನಾನು ಒಂದನ್ನೂ ಬಿಡಲಿಲ್ಲ. ನೀವೂ ಬಿಡಬೇಡಿ.) ಬೆಂಚಿನಲ್ಲಿ ಈ ಸಲ ನಡುವೆ ಜಾಗ ಇರಲಿಲ್ಲ. ನಾನು ನಿಂತುಕೊಂಡೆ. ನಿಲ್ಲಲು ಬೇಸರವೂ ಆಗಲಿಲ್ಲ.

"ಮುಗೀತ್ರಿ ಅಮ್ಮ. ಇನ್ನ ಬರೂದು ಬ್ಯಾಡ" ಎಂದರು ಡಾಕ್ಟರಮ್ಮ.

"ಇನ್ನು ಎಂತ ಆಗುದಿಲ್ವಾ?" ಜಾನಕಿ ಕೇಳಿದರು.

"ಏನೂ ಆಗೂದಿಲ್ರಿ. ನೀರು ಬಾಯಾರಿದಾಗ ಕುಡೀರಿ, ಪರೀಕ್ಷಾ ಮಾಡಾಕ ಕುಡೀಬ್ಯಾಡ್ರಿ." (ಈ ವಿಷಯ ಡಾಕ್ಟರಮ್ಮನಿಗೆ ಹೇಳಿದ್ದು ಗುಲಾಬಿ.)

ಜಾನಕಿ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಗುಲಾಬಿ ಮಾತ್ರ ನಗಲಿಲ್ಲ. ಮೇಜಿಗೆ ಇನ್ನಷ್ಟು ಹತ್ತಿರ ಹೋಗಿ ಕೇಳಿದರು. "ಹಾಗಾದ್ರೆ ನಾಯಿಗೆ ಹುಚ್ಚು ಇರ್ಲಿಲ್ಲ ಅಂತ ಆಯ್ತಲ್ಲ ಡಾಕ್ಟ್ರೇ?"

ಡಾಕ್ಟರಮ್ಮ ಏನು ಹೇಳಿಯಾರು? ಇಂಜೆಕ್ಷನ್ ತೆಗೆದುಕೊಂಡವರು ಬದುಕಿದರೆ ಅದು ಇಂಜೆಕ್ಷನಿನ ಪುಣ್ಯ. ಅದರಿಂದ ನಾಯಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. "ಅದು ಹೇಳಾಕ ಬರೂದಿಲ್ರಿ ಅಕ್ಕಾ" ಎಂದರು, ತಪ್ಪು ಮಾಡಿದವರ ಹಾಗೆ.

ಗುಲಾಬಿ ತಲೆ ಆಡಿಸಿ ಹೊರಗೆ ಬಂದರು. ಬಸ್‌ಸ್ಟ್ಯಾಂಡಿಗೆ ನಡೆದೆವು. ನಾನು ಏನೋ ಸಮಾಧಾನ ಹೇಳಬೇಕೆಂದು ಮಾತು ಹುಡುಕುತ್ತಿದ್ದೆ. ಉಪ್ಪಿನಂಗಡಿಯ ಬಸ್ಸು ಬಂದು ನಿಂತಿತು. ಜಾನಕಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದೆ ತಿರುಗಿದರು.

"ಇರ್ಲಿಲ್ಲ" ಎಂದರು.

"ಎಂತ?"

"ಹುಚ್ಚು. ಬೊಗ್ಗುವಿಗೆ. ಇರ್ಲಿಲ್ಲ ಅಂತ ಇಟ್ಟುಕೊಳ್ಳುವ. ಕಚ್ಚಿಸಿಕೊಂಡವಳು ನಾನು, ನಾನು ಹೇಳ್ತೇನೆ. ಹತ್ತು ಬೇಗ, ಸೀಟು ಹೋಗ್ತದೆ."

ಇಬ್ಬರೂ ಹತ್ತಿದರು. ಗುಲಾಬಿ ಕಿಟಕಿಯ ಕಡೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು ಕಂಡಿತು. ಜಾನಕಿ ಟಿಕೆಟು ತೆಗೆಯುತ್ತಿದ್ದರು.

ನಾನು ಮನೆಗೆ ಬಂದು, ಅರ್ಧಕ್ಕೆ ನಿಂತಿದ್ದ ಆ ದೊಡ್ಡ ಲೇಖನ ತೆರೆದೆ. ಬಡ ದೇಶಗಳ ಪರವಾಗಿ, ರೋಗಿಗಳ ಪರವಾಗಿ, ನೊಂದವರ ಪರವಾಗಿ ಎಂದು ಸಾಲು ಸಾಲಾಗಿ ಬರೆದಿದ್ದೆ. ಜಗತ್ತಿನಲ್ಲಿ ನಡೆಯುವ ಎಷ್ಟೋ ಯುದ್ಧಗಳೂ ಯಾರದ್ದೋ ಪರವಾಗಿ, ಯಾರನ್ನೋ ಉಳಿಸಲಿಕ್ಕೆಂದೇ ನಡೆಯುತ್ತವೆ. ಕಾನೂನುಗಳೂ ಹಾಗೆಯೇ ಬರುತ್ತವೆ. ಪದ್ಮಯ್ಯ ಗೌಡರಂಥ ಪ್ರೀತಿಯ ಮನುಷ್ಯರೇ ಅವಸರದಲ್ಲಿ ಕಲ್ಲು ಎತ್ತಿಕೊಳ್ಳುತ್ತಾರೆ. ಆ ಲೇಖನ ಇನ್ನೂ ಅರ್ಧದಲ್ಲೇ ಇದೆ. ಅದರ ಬದಲಿಗೆ ಇದನ್ನು ಬರೆದೆ.

ಯಾರ ಹೆಸರಿನಲ್ಲಿ ಕಲ್ಲು ಎತ್ತುತ್ತೇವೋ ಅವರನ್ನು ಮೊದಲು ಒಂದು ಮಾತು ಕೇಳಲು ನಮಗೆ ಯಾಕಿಷ್ಟು ಕಷ್ಟ?